ಬೋಳು ‘ಲ’ ತಂದುಕೊಟ್ಟ ಕೆಲಸ

‘ಬೋರ್ಡಲ್ಲಿ ತಮಾಷೆ ಬೇಡಪ್ಪ, ಗಿರಾಕಿ ಓಡಿಹೋಗ್ತಾನೆ.’ ನಮ್ಮ ಪ್ರೆಸ್ಸಿನ ಹಿರಿಯರದ್ದು ಇದೇ ಮಾತು. ಅಮೆರಿಕದ ಡಿಸೈನರ್ ಪಾಲ್ ರ‍್ಯಾಂಡ್ 1981ರಲ್ಲಿ ಕಂಪ್ಯೂಟರ್ ಕಂಪನಿ ಐಬಿಎಂಗೆ ಮಾಡಿದ ಪೋಸ್ಟರ್ ತೋರಿಸಿದೆ. ಒಂದು ಕಣ್ಣು, ಒಂದು ಜೇನುಹುಳ, ಪಕ್ಕದಲ್ಲಿ ಪಟ್ಟೆಪಟ್ಟೆಯ ಎಂ. ಇಂಗ್ಲಿಷಲ್ಲಿ ಓದಿದರೆ ಐ-ಬೀ-ಎಂ. ‘ಕಣ್ಣಿಗೆ ಐ ಅನ್ನೋ ಭಾಷೆಗೆ ಅದು ಸರಿ. ಕನ್ನಡದಲ್ಲಿ ಏನ್ ಮಾಡ್ತೀಯ?’ ಅಂದರು. ನಾನು ಸುಮ್ನಾದೆ. ಆದರೆ ನಮ್ಮ ತಮಾಷೆ ಸದ್ದಿನಲ್ಲಿಲ್ಲ, ಅಕ್ಷರದ ಆಕಾರದಲ್ಲಿದೆ. ತಲೆಕಟ್ಟು ಅನ್ನೋ ಹೆಸರೇ ನೋಡಿ.

2024ರಲ್ಲಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಕೆಲಸ ಜಾಸ್ತಿಯಾಯಿತು. ಎಲ್ಲರೂ ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕೈತೊಳೆದುಕೊಳ್ಳುತ್ತಿದ್ದರು. ಆಗ ಒಬ್ಬ ಸಲೂನಿನವರು ಬಂದರು. ‘ಸಲೂನ್’ ಪದವನ್ನು ದೊಡ್ಡದಾಗಿ ನೋಡಿ. ‘ಸ’ಗೆ ತಲೆಕಟ್ಟಿದೆ, ಅದೇ ಕೂದಲು. ‘ಲ’ ಹುಟ್ಟು ಬೋಳು. ‘ನ್’ ಮೇಲಿನ ಕೊಕ್ಕೆಯಂತೂ ಜೆಲ್ ಹಚ್ಚಿ ನಿಲ್ಲಿಸಿದ ಕೂದಲು. ಇಷ್ಟು ಸಾಕಿತ್ತು.

ಸಾಕಾಗಲಿಲ್ಲ. ಮೊದಲ ಸಲ ‘ಸ’ ತಲೆಕಟ್ಟನ್ನು ಪಕ್ಕಕ್ಕೆ ಉದ್ದ ಎಳೆದು ಇಳಿಬಿಟ್ಟೆ. ಅದು ‘ಸಾ’ ಆಗಿ ಕೂತಿತು. ಓನರ್ ಓದಿ, ‘ಸಾಲ ಮಾಡಿ ಅಂಗಡಿ ಹಾಕಿದ್ದನ್ನ ಬೋರ್ಡಲ್ಲೇ ಬರೆದುಬಿಟ್ರಲ್ಲ ಸಾರ್’ ಅಂದರು. ಎರಡನೇ ಸಲ ತಲೆಕಟ್ಟನ್ನೇ ಕತ್ತರಿಸಿ ಕೆಳಗೆ ಉದುರಿಸಿದೆ. ನೋಡಿದವರೆಲ್ಲ ಪ್ರಿಂಟ್ ಅಳಿಸಿದೆ ಅಂದರು. ಹತ್ತಡಿ ಮೂರಡಿ ಫ್ಲೆಕ್ಸ್ ಎರಡು ಸಲ ದಂಡ. ಸಾವಿರದ ಚಿಲ್ಲರೆ ನನ್ನ ಜೇಬಿಂದಲೇ ಹೋಯಿತು. ಹಿರಿಯರು ನಕ್ಕರು, ಅದು ಬೋರ್ಡಿಗಲ್ಲ.

ಮೂರನೇ ಸಲ ಕೂದಲನ್ನು ಪಕ್ಕಕ್ಕೆ ಬಿಡದೆ ಮೇಲಕ್ಕೆ ಬೆಳೆಸಿದೆ, ಒಂದು ಬಾಚಣಿಗೆ ಸಿಕ್ಕಿಸಿದೆ. ‘ಲ’ ಮುಟ್ಟಲಿಲ್ಲ, ಬರೀ ಒಂದು ಹೊಳಪಿನ ಚುಕ್ಕೆ. ಕೂದಲು ಎಷ್ಟು ಎತ್ತರ ಹೋದರೂ ‘ಸ’ ‘ಸ’ವಾಗಿಯೇ ಉಳಿಯೋಕೆ ಒಂದು ಅಳತೆ ಇದೆ. ಅದನ್ನು ಹೇಳಲ್ಲ, ನೀವೂ ಎರಡು ಫ್ಲೆಕ್ಸ್ ಕಳೆದುಕೊಳ್ಳಿ.

ಜನ ನಿಂತು ಫೋಟೋ ತೆಗೆದರು. ಆರು ತಿಂಗಳಲ್ಲಿ ಹತ್ತೋ ಹನ್ನೊಂದೋ ಅಂಗಡಿಯವರು ಅದನ್ನು ನೋಡಿಯೇ ಬಂದರು. ಮೊದಲು ಡಿಸೈನಿಗೆ 300 ಕೇಳೋಕೂ ನಾಚಿಕೆಯಾಗುತ್ತಿತ್ತು. ಈಗ 3,500 ಅಂತೀನಿ, ಚೌಕಾಸಿ ಇಲ್ಲ. ಹಿರಿಯರ ತಲೆಯೂ ಬೋಳು. ‘ಆ ಲ ನಾನೇ ಅಲ್ವಾ?’ ಅಂತ ಒಂದು ದಿನ ಕೇಳಿದರು. ಬಿಲ್ ಬರೆಯುತ್ತಿದ್ದೆ, ತಲೆ ಎತ್ತಲಿಲ್ಲ.

ಈ ಹುಮ್ಮಸ್ಸಲ್ಲೇ ಒಬ್ಬ ಹಲ್ಲಿನ ಡಾಕ್ಟರಿಗೂ ಒಂದು ಮಾಡಿದೆ. ‘ಹಲ್ಲು’ ಪದದ ಒತ್ತನ್ನು ಕಿತ್ತು ಪಕ್ಕದಲ್ಲಿ ಬೀಳಿಸಿದೆ. ನನಗಂತೂ ಸಲೂನಿಗಿಂತ ಇದೇ ಚೆನ್ನಾಗಿತ್ತು. ‘ನಾನು ಹಲ್ಲು ಉಳಿಸೋನು ಕಣ್ರೀ, ಕೀಳೋನಲ್ಲ’ ಅಂತ ಎದ್ದುಹೋದರು. ದುಡ್ಡೂ ಇಲ್ಲ. ಫೈಲ್ ಇನ್ನೂ ಇದೆ. ಈಗ ಒತ್ತಿಗೆ ಚಿನ್ನದ ಬಣ್ಣ ಕೊಟ್ಟು ಮತ್ತೆ ಜಾಗಕ್ಕೆ ಕೂರಿಸಿದ್ದೇನೆ. ಹಲ್ಲು ಕಟ್ಟೋ ಡಾಕ್ಟರ್ ಯಾರಾದರೂ ಗೊತ್ತಿದ್ದರೆ ಕಳಿಸಿ.