ನರವಾಹಕತೆ ಪರೀಕ್ಷೆಗೆ ಕಲಬುರಗಿಯದೇ ನಾರ್ಮಲ್ ಪಟ್ಟಿ: ನನ್ನ ಅನುಭವ

ನರಗಳಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಸಾಗುತ್ತದೆಂದು ಅಳೆಯುವ ನಮ್ಮ ಪ್ರಯೋಗಾಲಯಕ್ಕೆ ಸ್ವಂತ ನಾರ್ಮಲ್ ಮೌಲ್ಯಗಳು (ಆರೋಗ್ಯವಂತರಲ್ಲಿ ಕಾಣುವ ಅಂಕಿಗಳ ಮಿತಿ) ಬೇಕೆಂದು ನಾನು ಹಟ ಹಿಡಿದಾಗ, ಯಂತ್ರದಲ್ಲೇ ಪಟ್ಟಿ ಇರುವಾಗ ಈ ಖರ್ಚು ಏಕೆಂದು ಇಲ್ಲಿನ ಹಿರಿಯ ವೈದ್ಯರೊಬ್ಬರು ಕೇಳಿದ್ದರು. ಆ ಪಟ್ಟಿಯನ್ನು ನಂಬಿದರೆ, ಅರವತ್ತು ದಾಟಿಯೂ ದಿನವಿಡೀ ತೊಗರಿ ಹೊಲದಲ್ಲಿ ದುಡಿಯುವ, ಕಾಲು ಜೋಮಿನ ಮಾತೇ ಆಡದ ಎಷ್ಟೋ ರೈತರಿಗೆ ನ್ಯೂರೋಪತಿ, ಅಂದರೆ ನರಗಳ ಕಾಯಿಲೆ, ಇದೆಯೆಂದು ವರದಿ ಬರೆಯಬೇಕಾಗುತ್ತಿತ್ತು.

ಎಥಿಕ್ಸ್ ಸಮಿತಿಯ ಒಪ್ಪಿಗೆಯ ಬಳಿಕ ಯುವ ವಿದ್ಯಾರ್ಥಿಗಳು ಬೇಗ ಸಿಕ್ಕರು. ಐವತ್ತು ದಾಟಿದ ಆರೋಗ್ಯವಂತರನ್ನು ಹುಡುಕುವುದರಲ್ಲೇ ಹಣವೂ ಸಮಯವೂ ಕರಗಿದವು. ಆಳಂದ, ಸೇಡಂ, ಚಿಂಚೋಳಿಗಳಿಂದ ರೋಗಿಗಳ ಜೊತೆ ಬರುವ ಸಂಬಂಧಿಕರನ್ನು ಒಪ್ಪಿಸಿ, ಅವರ ಅಂದಿನ ಕೂಲಿಯನ್ನು ತುಂಬಿಕೊಟ್ಟು, ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ) ಮತ್ತು ವಿಟಮಿನ್ ಬಿ12 ರಕ್ತಪರೀಕ್ಷೆ ಮಾಡಿಸಿದರೆ, ನೆನಪಿನಿಂದ ಹೇಳುವುದಾದರೆ ಐವರಲ್ಲಿ ಒಬ್ಬರಿಗೆ ತಮಗೇ ತಿಳಿಯದ ಸಕ್ಕರೆ ಕಾಯಿಲೆ ಇರುತ್ತಿತ್ತು. ಅವರನ್ನು ಚಿಕಿತ್ಸೆಗೆ ಕಳುಹಿಸಿ ಪಟ್ಟಿಯಿಂದ ಬಿಡುತ್ತಿದ್ದೆವು. ಕೊನೆಗೆ ಉಳಿದವರು ನೂರಿಪ್ಪತ್ತರ ಆಸುಪಾಸು. ಖರ್ಚು ಎರಡು ಲಕ್ಷದ ಸಮೀಪ, ಅದರಲ್ಲಿ ಅರ್ಧ ನನ್ನ ಕೈಯಿಂದಲೇ.

ಆದರೂ ಬೇಸಿಗೆಯ ಅಂಕಿಗಳಿಗೂ ಡಿಸೆಂಬರಿನ ಅಂಕಿಗಳಿಗೂ ತಾಳೆಯಾಗಲಿಲ್ಲ. ಕೈಕಾಲಿನ ಉಷ್ಣತೆ ಒಂದು ಡಿಗ್ರಿ ಬದಲಾದರೆ ನರದ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಬದಲಾಗುತ್ತದೆಂದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ವಿಚಿತ್ರವೆಂದರೆ ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲಿದ್ದಾಗಲೂ ಎಸಿ ಕೋಣೆಯಲ್ಲಿ ಅರ್ಧ ಗಂಟೆ ಕುಳಿತವರ ಕೈಗಳು ತಣ್ಣಗಾಗಿರುತ್ತಿದ್ದವು. ತಣ್ಣಗಿನ ನರದಲ್ಲಿ ಸೆನ್ಸರಿ ಆಂಪ್ಲಿಟ್ಯೂಡ್ (ಸ್ಪರ್ಶದ ನರಗಳ ಸಂಕೇತದ ಎತ್ತರ) ಹೆಚ್ಚಾಗಿ ಕಾಣುವುದರಿಂದ ನಾರ್ಮಲ್‌ನ ಕೆಳಮಿತಿಯೂ ಸುಳ್ಳಾಗಿ ಮೇಲೇರುತ್ತದೆ. ಉಷ್ಣತೆಗೆ ತಕ್ಕಂತೆ ಅಂಕಿ ತಿದ್ದುವ ಸೂತ್ರಗಳನ್ನು ಕೈಬಿಟ್ಟು, ಅಂಗೈ 32, ಪಾದ 30 ಡಿಗ್ರಿಗಿಂತ ಕೆಳಗಿದ್ದರೆ ಬಿಸಿನೀರಿನಲ್ಲಿ ಬೆಚ್ಚಗಾಗಿಸಿ, ಮತ್ತೆ ಅಳೆದೇ ಪರೀಕ್ಷೆ ಮಾಡತೊಡಗಿದೆವು. ಹಳೆಯ ದಾಖಲೆಗಳಲ್ಲಿ ಉಷ್ಣತೆ ಬರೆದಿರದವನ್ನೆಲ್ಲ ಕೈಬಿಟ್ಟೆವು. ಒಡೆದ ಹಿಮ್ಮಡಿಯ ಕಾಲುಗಳಲ್ಲಿ ಸೂರಲ್ (ಮೀನಖಂಡದ ಹಿಂದಿನಿಂದ ಪಾದದ ಹೊರಬದಿಗೆ ಹೋಗುವ ಸ್ಪರ್ಶದ ನರ) ತರಂಗವನ್ನು ಸ್ವಚ್ಛವಾಗಿ ಹಿಡಿಯಲು ನನ್ನದೇ ಒಂದು ಕ್ರಮವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬಂದು ಕಲಿಯುವವರಿಗೆ ತೋರಿಸುತ್ತೇನೆ.

ಲೆಕ್ಕದಲ್ಲಿ ಸರಾಸರಿಯಿಂದ ಎರಡು ಎಸ್‌ಡಿ (ಸರಾಸರಿಯಿಂದ ಅಂಕಿಗಳು ಚದುರಿರುವ ಅಳತೆ) ಕಳೆಯುವ ಪದ್ಧತಿ ಸೂರಲ್‌ಗೆ ಸೋತಿತು. ಆಂಪ್ಲಿಟ್ಯೂಡ್‌ಗಳು ಒಂದೇ ಬದಿಗೆ ವಾಲಿಕೊಂಡಿರುವುದರಿಂದ ಹಿರಿಯರ ಕೆಳಮಿತಿ ಸೊನ್ನೆಗಿಂತಲೂ ಕೆಳಗಿಳಿಯಿತು. ಅಂಕಿಗಳನ್ನು ಲಾಗರಿದಮ್‌ಗೆ ಬದಲಿಸಿ, ವಯಸ್ಸನ್ನು ಸೇರಿಸಿ 5ನೇ ಪರ್ಸೆಂಟೈಲ್ (ನೂರರಲ್ಲಿ ಐವರಷ್ಟೇ ಇದಕ್ಕಿಂತ ಕೆಳಗಿರುವ ಅಂಕಿ) ತೆಗೆದ ಮೇಲೆ ಅಂಕಿಗಳು ನಂಬುವಂತಾದವು. ಬೆನ್ನುಹುರಿಯವರೆಗೆ ಹೋಗಿ ಮರಳುವ ಸಂಕೇತವಾದ ಎಫ್ ವೇವ್‌ಗೆ ವ್ಯಕ್ತಿಯ ಎತ್ತರವನ್ನು ಬಿಟ್ಟರೆ ಬೇರೇನೂ ಹೆಚ್ಚು ನೆರವಾಗಲಿಲ್ಲ.

ಈ ನಡುವೆ, ದಿನಕ್ಕೆ ನೂರಾರು ಜೋಳದ ರೊಟ್ಟಿ ತಟ್ಟುವ ಕೆಲವು ಹೆಣ್ಣುಮಕ್ಕಳನ್ನೂ ಪರೀಕ್ಷಿಸಿದೆ. ಉಂಗುರದ ಬೆರಳಿನಲ್ಲಿ ಮೀಡಿಯನ್ ಮತ್ತು ಅಲ್ನಾರ್ ಎಂಬ ಕೈಯ ಎರಡು ನರಗಳ ಲೇಟೆನ್ಸಿಗಳ (ಸಂಕೇತ ತಲುಪಲು ಹಿಡಿಯುವ ಸಮಯ) ಅಂತರ ಹಲವರಲ್ಲಿ ಅರ್ಧ ಮಿಲಿಸೆಕೆಂಡ್ ಮೀರಿತ್ತು, ಇದು ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಹೋಗಿರುವ ಸೂಚನೆ, ಆದರೆ ರಾತ್ರಿ ಜೋಮಿನ ದೂರು ಇದ್ದವರು ಕೆಲವರೇ. ದೂರು ಕಡಿಮೆಯಿದ್ದರೂ ಆ ಅಂತರದ ಕಾರಣ ಅವರನ್ನು ನಾರ್ಮಲ್ ಗುಂಪಿಗೆ ಸೇರಿಸಲಿಲ್ಲ. ಇವರ ಮೇಲೇ ಪ್ರತ್ಯೇಕ ಅಧ್ಯಯನ ನಡೆಯಬೇಕೆಂಬುದು ನನ್ನ ಬಲವಾದ ಆಸೆ.

ಪಟ್ಟಿ ಸಿದ್ಧವಾದ ಮೇಲೆ ಕೆಲವರನ್ನು ಬೇಸಿಗೆ, ಚಳಿಗಾಲ ಎರಡರಲ್ಲೂ ಮತ್ತೆ ಕರೆಸಿದೆ. ಮೋಟಾರ್ (ಸ್ನಾಯುಗಳಿಗೆ ಹೋಗುವ ನರಗಳ) ವೇಗದ ಅಂತರ ಸೆಕೆಂಡಿಗೆ ಎರಡು ಮೂರು ಮೀಟರ್ ದಾಟಲಿಲ್ಲ. ಅಂದು ಪ್ರಶ್ನಿಸಿದ್ದ ವೈದ್ಯರು ಈಗ ತಮ್ಮ ರೋಗಿಗಳನ್ನು ನಮ್ಮಲ್ಲಿಗೇ ಕಳುಹಿಸುತ್ತಾರೆ. ಎಪ್ಪತ್ತು ದಾಟಿದವರ ಸೂರಲ್‌ಗೆ ಮಾತ್ರ ಇನ್ನೂ ಸಾಕಷ್ಟು ಜನ ಸಿಕ್ಕಿಲ್ಲವಾದ್ದರಿಂದ, ಅವರ ವರದಿಯಲ್ಲಿ ಮಿತಿಯ ಅಂಕಣವನ್ನು ಖಾಲಿ ಬಿಟ್ಟು ಎರಡೂ ಕಾಲಿನ ಮೌಲ್ಯಗಳನ್ನಷ್ಟೇ ಬರೆಯುತ್ತಿದ್ದೇನೆ.