ದಿನ ತುಂಬುವ ಮೊದಲೇ ಬಂದ ಅವಳಿಗಳು: ಆಸ್ಪತ್ರೆಯಿಂದ ಮನೆಯವರೆಗೆ ನೋಡಿಕೊಳ್ಳುವುದು ಹೇಗೆ?

ಅವಳಿ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಹಾಗಾಗಿ ಹೊಟ್ಟೆಯಲ್ಲಿ ಇಬ್ಬರಿದ್ದಾರೆ ಎಂದು ಗೊತ್ತಾದಾಗಲೇ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಬಗ್ಗೆ ನಾಲ್ಕು ಮಾತು ತಿಳಿದುಕೊಂಡಿದ್ದರೆ ಒಳ್ಳೆಯದು. ಹೆರಿಗೆಯಾದ ಮೇಲೆ ಕೇಳಿಸಿಕೊಳ್ಳುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ.

1. ಇಬ್ಬರಿಗೂ ಬೇರೆ ಬೇರೆ ನೋಟ್‌ಬುಕ್

‘ಮಕ್ಕಳು ಹೇಗಿದ್ದಾರೆ?’ ಎಂದು ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಒಂದೇ ಉತ್ತರ ಇರುವುದಿಲ್ಲ. ಒಬ್ಬರು ಆಕ್ಸಿಜನ್ ಇಲ್ಲದೆ ಉಸಿರಾಡುತ್ತಿರಬಹುದು, ಇನ್ನೊಬ್ಬರಿಗೆ ಇನ್ನೂ ಯಂತ್ರದ ಆಸರೆ ಬೇಕಿರಬಹುದು. ಒಂದೇ ದಿನ ಹುಟ್ಟಿದ್ದಾರೆ ಎಂಬುದು ಬಿಟ್ಟರೆ ವೈದ್ಯರ ಪಾಲಿಗೆ ಅವರು ಇಬ್ಬರು ಬೇರೆ ರೋಗಿಗಳು. ನೀವೂ ಹಾಗೇ ನೋಡಿ. ಪ್ರತಿಯೊಬ್ಬರ ತೂಕ, ಎಷ್ಟು ಮಿಲಿ ಹಾಲು ಹೋಯಿತು, ಯಾವ ಔಷಧಿ, ವೈದ್ಯರು ಏನೆಂದರು ಎಂಬುದನ್ನು ಅವರವರ ಪುಸ್ತಕದಲ್ಲಿ ಬರೆದಿಡಿ. ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ, ಒಂದೇ ಔಷಧಿಯಾದರೂ ಇಬ್ಬರಿಗೆ ಎರಡು ಅಳತೆ ಇರಬಹುದು.

ಮೊದಲ ಕೆಲವು ದಿನ ತೂಕ ಇಳಿಯುತ್ತದೆ. ಅದಕ್ಕೆ ಗಾಬರಿ ಬೇಡ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುತ್ತಾರೆ.

2. ಹಾಲಿನ ಕೆಲಸ ಮೊದಲ ದಿನವೇ ಶುರು

ಎನ್‌ಐಸಿಯುನಲ್ಲಿ ತಾಯಿ ಮಾತ್ರ ಮಾಡಬಹುದಾದ ಕೆಲಸ ಇದು. ಹೆರಿಗೆಯಾಗಿ ಕೆಲವೇ ಗಂಟೆಗಳಲ್ಲಿ ಕೈಯಿಂದ ಅಥವಾ ಪಂಪ್‌ನಿಂದ ಹಾಲು ತೆಗೆಯಲು ಶುರು ಮಾಡಿ. ದಿನಕ್ಕೆ ಕನಿಷ್ಠ 8 ಸಲ, ಅದರಲ್ಲಿ ಒಂದಾದರೂ ರಾತ್ರಿ. ಮೊದಲು ಬರುವುದು ಹಳದಿ ಬಣ್ಣದ ನಾಲ್ಕಾರು ಹನಿ ಅಷ್ಟೆ. ‘ಇಷ್ಟೇನಾ’ ಅನಿಸುತ್ತದೆ. ಆ ಹನಿಗಳನ್ನೇ ನರ್ಸ್ ಸಿರಿಂಜ್‌ನಲ್ಲಿ ಎಳೆದು ಇಬ್ಬರಿಗೂ ಹಂಚುತ್ತಾರೆ. ಬಾಯಿಂದ ಕುಡಿಯಲಾರದ ಮಗುವಿನ ಕೆನ್ನೆಯ ಒಳಗೆ ಸವರುತ್ತಾರೆ. ದಿನ ತುಂಬದ ಮಕ್ಕಳಿಗೆ ಬರುವ ಕರುಳಿನ ಗಂಭೀರ ಕಾಯಿಲೆಯ ಅಪಾಯವನ್ನು ತಾಯಿಯ ಹಾಲು ಕಡಿಮೆ ಮಾಡುತ್ತದೆ.

ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವುದು ಮಗುವಿಗೆ ಬರುವುದು ಗರ್ಭದ ವಾರಗಳ ಲೆಕ್ಕದಲ್ಲಿ ಸುಮಾರು 32ರಿಂದ 34ನೇ ವಾರದ ಹೊತ್ತಿಗೆ. ಅಲ್ಲಿಯವರೆಗೆ ಮೂಗಿನ ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಹಾಕಿದ ಸಣ್ಣ ನಳಿಕೆಯಲ್ಲೇ ಹಾಲು. ಒಬ್ಬರು ಇವತ್ತು ಚೀಪಿದರು, ಇನ್ನೊಬ್ಬರು ಹತ್ತು ದಿನ ಬಿಟ್ಟು ಕಲಿತರು ಅಂದರೆ ಅದು ಸೋಮಾರಿತನವಲ್ಲ.

ಹಾಲು ಸಾಕಾಗದಿದ್ದರೆ ದಾನಿಗಳ ಹಾಲು, ಫಾರ್ಮುಲಾ ಏನು ಕೊಡಬೇಕೆಂದು ವೈದ್ಯರು ಹೇಳುತ್ತಾರೆ. ಇಬ್ಬರಿಗೂ ಸಾಲುವಷ್ಟು ಹಾಲು ಬರಲಿಲ್ಲ ಎಂದು ತಾಯಿ ಕೊರಗಬೇಕಾಗಿಲ್ಲ.

3. ಮೊದಲು ಮಗುವನ್ನು ನೋಡಿ, ಆಮೇಲೆ ಮಾನಿಟರ್

ಅಲಾರಂ ಕೂಗಿದ ಕೂಡಲೇ ಎಲ್ಲರ ಕಣ್ಣೂ ಪರದೆಯ ಮೇಲೆ. ಅನುಭವಿ ನರ್ಸ್ ಹಾಗೆ ಮಾಡುವುದಿಲ್ಲ, ಗಮನಿಸಿ. ಅವರು ಮೊದಲು ಮಗುವಿನ ತುಟಿಯ ಬಣ್ಣ, ಎದೆಯ ಏರಿಳಿತ ನೋಡುತ್ತಾರೆ. ಎಷ್ಟೋ ಸಲ ಪಾದಕ್ಕೆ ಸುತ್ತಿದ ಸೆನ್ಸರ್ ಸಡಿಲವಾಗಿರುತ್ತದೆ ಅಷ್ಟೆ. ಆದರೂ ಬೇಗ ಹುಟ್ಟಿದವರು ಕೆಲವೊಮ್ಮೆ ಉಸಿರಾಡುವುದನ್ನೇ ಮರೆಯುತ್ತಾರೆ. 20 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತರೆ ಅದನ್ನು ಆಪ್ನಿಯಾ ಎನ್ನುತ್ತಾರೆ. ಅದಕ್ಕೆ ಕೊಡುವ ಔಷಧಿ ಕೆಫೀನ್. ಹೌದು, ಕಾಫಿಯಲ್ಲಿರುವುದೇ.

ಮುಟ್ಟುವಾಗ ಸವರಬೇಡಿ. ತೆಳ್ಳಗಿನ ಚರ್ಮಕ್ಕೆ ಅದು ಕಿರಿಕಿರಿ. ಬೆಚ್ಚಗಿನ ಒಂದು ಕೈ ತಲೆಯ ಮೇಲೆ, ಇನ್ನೊಂದು ಮಡಚಿದ ಕಾಲುಗಳ ಮೇಲೆ ಅಲ್ಲಾಡಿಸದೆ ಇಡಿ.

4. ಎದೆಗೆ ಅಪ್ಪಿಕೊಳ್ಳುವುದು

ಮಗುವನ್ನು ಬರಿ ಎದೆಗೆ ಅಪ್ಪಿಕೊಳ್ಳುವ ಕಾಂಗರೂ ಆರೈಕೆ ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ, ಕೊಲಂಬಿಯಾದ ಬೊಗೊಟಾ ನಗರದಲ್ಲಿ. ಅಲ್ಲಿ ಮಕ್ಕಳು ಜಾಸ್ತಿ, ಅವರನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ಗಳು ಕಡಿಮೆ. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ದಿನಕ್ಕೆ 8ರಿಂದ 24 ಗಂಟೆ, ಸಾಧ್ಯವಾದಷ್ಟು ಹೊತ್ತು, ಹೀಗೆ ಅಪ್ಪಿಕೊಂಡಿರಿ ಎನ್ನುತ್ತದೆ.

ಮಗುವಿಗೆ ಡಯಾಪರ್, ಟೋಪಿ, ಕಾಲುಚೀಲ ಮಾತ್ರ ಇರಲಿ. ಬರಿ ಎದೆಯ ಮೇಲೆ ನೇರವಾಗಿ ಮಲಗಿಸಿ, ಕಾಲುಗಳು ಕಪ್ಪೆಯ ಹಾಗೆ ಮಡಚಿರಲಿ. ತಲೆ ಒಂದು ಪಕ್ಕಕ್ಕೆ ತಿರುಗಿ, ಗದ್ದ ತುಸು ಮೇಲಿರಲಿ. ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿನ ದಾರಿ ಮುಚ್ಚುತ್ತದೆ, ಇದೊಂದನ್ನು ಮರೆಯಬೇಡಿ. ಮೇಲಿಂದ ಬಟ್ಟೆ ಬಿಗಿಯಾಗಿ ಸುತ್ತಿ. ನರ್ಸ್ ಸಹಾಯವಿದ್ದರೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳಬಹುದು. ಇಲ್ಲವೇ ಒಬ್ಬರು ಅಮ್ಮನ ಹತ್ತಿರ, ಒಬ್ಬರು ಅಪ್ಪನ ಹತ್ತಿರ. ಅಪ್ಪಂದಿರು ‘ನನಗೆ ಭಯ’ ಎಂದು ಹಿಂದೆ ಸರಿಯುತ್ತಾರೆ. ಸುಮ್ನೆ ಕುರ್ಚಿಯಲ್ಲಿ ಕೂರಿಸಿ, ಮಗುವನ್ನು ಎದೆಯ ಮೇಲಿಡಿ. ಐದು ನಿಮಿಷದಲ್ಲಿ ಭಯ ಹೋಗುತ್ತದೆ.

5. ಒಬ್ಬರು ಮೊದಲು ಮನೆಗೆ ಬಂದರೆ

ಇದು ಆಗಾಗ ಆಗುತ್ತದೆ, ತುಂಬಾ ಕಷ್ಟವೂ ಆಗುತ್ತದೆ. ಇಬ್ಬರೂ ಒಟ್ಟಿಗೇ ಬರಲಿ ಎಂದು ಹಟ ಹಿಡಿಯುವುದಕ್ಕಿಂತ, ಯಾರು ಯಾವ ಹೊತ್ತಿಗೆ ಆಸ್ಪತ್ರೆಯಲ್ಲಿ ಇರಬೇಕೆಂದು ಬರೆದು ಹಂಚಿಕೊಳ್ಳಿ.

6. ಡಿಸ್ಚಾರ್ಜ್‌ಗೆ ಮುಂಚೆ

ಇನ್‌ಕ್ಯುಬೇಟರ್ ಇಲ್ಲದೆ ಮೈ ಬೆಚ್ಚಗಿರಬೇಕು, ಬಾಯಿಂದಲೇ ಸಾಕಷ್ಟು ಕುಡಿಯಬೇಕು, ತೂಕ ಏರುತ್ತಿರಬೇಕು, ಕೆಲವು ದಿನಗಳಿಂದ ಉಸಿರು ನಿಂತಿರಬಾರದು. ಇಷ್ಟಾದರೆ ಮನೆಗೆ ಕಳಿಸುತ್ತಾರೆ. ಹೊರಡುವ ಮುನ್ನ ಔಷಧಿಯನ್ನು ನರ್ಸ್ ಎದುರಿಗೆ ನೀವೇ ಸಿರಿಂಜ್‌ನಲ್ಲಿ ಎಳೆದು ತೋರಿಸಿ. ಮಗುವಿನ ಉಸಿರು ನಿಂತರೆ ಏನು ಮಾಡಬೇಕೆಂದು ಕಲಿಸಲು ಹೇಳಿ. ಕಿವಿಯ ಪರೀಕ್ಷೆ ಆಗಿದೆಯಾ ಕೇಳಿ.

ಮುಖ್ಯವಾದದ್ದು ಕಣ್ಣು. ತುಂಬಾ ಬೇಗ ಹುಟ್ಟಿದವರ ಕಣ್ಣಿನ ಹಿಂಪೊರೆಯಲ್ಲಿ ರಕ್ತನಾಳಗಳು ತಪ್ಪಾಗಿ ಬೆಳೆಯಬಹುದು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸರಿಯಾದ ಹೊತ್ತಿಗೆ ಕಂಡುಹಿಡಿದರೆ ಕುರುಡುತನ ತಪ್ಪಿಸಬಹುದು, ತಡವಾದರೆ ಆಗದು. ನಿಮ್ಮ ಮಕ್ಕಳಿಗೆ ಈ ಪರೀಕ್ಷೆ ಬೇಕಾ, ಯಾವ ದಿನ ಎಂದು ಕೇಳಿ ಬರೆದುಕೊಳ್ಳಿ. ಆ ದಿನವನ್ನು ಯಾವ ಕಾರಣಕ್ಕೂ ಮುಂದೂಡಬೇಡಿ.

7. ಮನೆಯಲ್ಲಿ

ಎನ್‌ಐಸಿಯುನಲ್ಲಿ ಮಕ್ಕಳನ್ನು ಬೋರಲು ಮಲಗಿಸಿದ್ದನ್ನು ನೋಡಿರುತ್ತೀರಿ. ಅಲ್ಲಿ ಮಾನಿಟರ್ ಇತ್ತು. ಮನೆಯಲ್ಲಿ ಯಾವಾಗಲೂ ಅಂಗಾತ, ಗಟ್ಟಿಯಾದ ಸಮತಟ್ಟು ಹಾಸಿಗೆ, ದಿಂಬು ಬೇಡ. ಅವಳಿಗಳನ್ನು ಪಕ್ಕಪಕ್ಕ ಮಲಗಿಸಿದ ಫೋಟೊ ಚೆನ್ನಾಗಿರುತ್ತದೆ, ನಿದ್ದೆಗೆ ಮಾತ್ರ ಬೇರೆ ಬೇರೆ ಜಾಗವೇ ಸರಿ.

ಎರಡು-ಮೂರು ಗಂಟೆಗೊಮ್ಮೆ ಹಾಲು. ಅಳುವವರೆಗೆ ಕಾಯಬೇಡಿ, ಈ ಮಕ್ಕಳು ಹಸಿದರೂ ಮಲಗಿಬಿಡುತ್ತಾರೆ. ಒಬ್ಬರು ಎದ್ದಾಗ ಇನ್ನೊಬ್ಬರನ್ನೂ ಎಬ್ಬಿಸಿ ಕುಡಿಸಿದರೆ ನಿಮಗೂ ಒಂದಿಷ್ಟು ನಿದ್ದೆ. ಯಾರಿಗೆ ಕುಡಿಸಿದೆ ಎಂಬುದು ರಾತ್ರಿ ಮೂರಕ್ಕೆ ಖಂಡಿತ ಮರೆತುಹೋಗುತ್ತದೆ, ಅಲ್ವಾ? ನೋಟ್‌ಬುಕ್ ಹಾಸಿಗೆಯ ಪಕ್ಕದಲ್ಲೇ ಇರಲಿ. ನೋಡಲು ಬರುವವರು ಕೈ ತೊಳೆಯಲಿ. ನೆಗಡಿ ಇದ್ದವರು ಆಮೇಲೆ ಬರಲಿ. ಮನೆಯೊಳಗೆ ಬೀಡಿ, ಸಿಗರೇಟು ಬೇಡವೇ ಬೇಡ.

ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಾಗಿದ್ದರೆ ಮಗುವಿಗೆ ಚಳಿ ಶುರುವಾಗಿದೆ ಎಂದರ್ಥ, ಎದೆಗೆ ಅಪ್ಪಿಕೊಳ್ಳಿ. ಆದರೆ ಹಾಲು ಕುಡಿಯದಿದ್ದರೆ, ತುಟಿ ನೀಲಿಯಾದರೆ, ನಿಮಿಷಕ್ಕೆ 60ಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಪ್ಪಿಕೊಂಡರೂ ಮೈ ಬೆಚ್ಚಗಾಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ತಕ್ಷಣ ಆಸ್ಪತ್ರೆಗೆ.

8. ವಯಸ್ಸಿನ ಲೆಕ್ಕ ಎರಡು

ಪೂರ್ತಿ ದಿನ ಎಂದರೆ 40 ವಾರ ಎಂದು ಹಿಡಿದರೆ, 32 ವಾರಕ್ಕೆ ಹುಟ್ಟಿದವರು 8 ವಾರ ಮುಂಚೆ ಬಂದವರು. ನಾಲ್ಕು ತಿಂಗಳಾದಾಗ ಅವರ ಬೆಳವಣಿಗೆಯನ್ನು ಎರಡು ತಿಂಗಳ ಮಗುವಿನ ಹಾಗೆ ನೋಡಬೇಕು. ನಗು, ಕತ್ತು ನಿಲ್ಲುವುದು, ಕೂರುವುದು ಎಲ್ಲಕ್ಕೂ ಸುಮಾರು ಎರಡು ವರ್ಷದವರೆಗೆ ಇದೇ ಲೆಕ್ಕ. ಲಸಿಕೆಗೆ ಮಾತ್ರ ಸಾಮಾನ್ಯವಾಗಿ ಹುಟ್ಟಿದ ದಿನದ ಲೆಕ್ಕವೇ. ‘ಮಗು ಸಣ್ಣದಿದೆ, ಆಮೇಲೆ ಹಾಕಿಸೋಣ’ ಎಂದು ನೀವೇ ತೀರ್ಮಾನಿಸಬೇಡಿ.

ತಾಯಿಯ ತಪಾಸಣೆಯನ್ನೂ ಇದೇ ಪಟ್ಟಿಗೆ ಸೇರಿಸಿ. ಎರಡು ವಾರ ಕಳೆದರೂ ಬೇಜಾರು ಇಳಿಯದಿದ್ದರೆ, ಮಕ್ಕಳು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ‘ಬಾಣಂತಿಗೆ ಇದೆಲ್ಲ ಇದ್ದದ್ದೇ’ ಎಂದು ಬಿಡದೆ ವೈದ್ಯರಿಗೆ ತೋರಿಸಿ. ಮುಂದಿನ ಭೇಟಿಗೆ ಹೋಗುವಾಗ ಎರಡು ಫೈಲ್, ಇಬ್ಬರು ದೊಡ್ಡವರು ಇರಲಿ. ಒಬ್ಬರೇ ಇಬ್ಬರನ್ನು ಎತ್ತಿಕೊಂಡು ವೈದ್ಯರ ಮಾತು ಕೇಳಿಸಿಕೊಳ್ಳಲು ಆಗುವುದಿಲ್ಲ.