ಖಾನಾಪುರದ ಹಳೆಯ ಚಕ್ಕಡಿ ದಾರಿಗಳಲ್ಲಿ ಜೀಪು ಓಡಿಸುವ ಬಗೆ

ಮರದ ದಿಮ್ಮಿ, ಬಿದಿರು ಮತ್ತು ಕೂಲಿಕಾರರ ದಿನಸಿ ಸಾಗಿಸಲು ಹಿಂದೆ ಮಾಡಿದ ಕಚ್ಚಾ ದಾರಿಗಳು ಬೆಳಗಾವಿ ಜಿಲ್ಲೆಯ ಜಾಂಬೋಟಿ, ಕಣಕುಂಬಿ, ಲೋಂಡಾ ಸುತ್ತಲಿನ ಕಾಡಿನಲ್ಲಿ ಅಲ್ಲಲ್ಲಿ ಉಳಿದಿವೆ. ಅವುಗಳಲ್ಲಿ ಸಾಗಬಯಸುವವರು ವಾಹನಕ್ಕಿಂತ ಮೊದಲು ಕಾಗದಪತ್ರ ಸಿದ್ಧಮಾಡಿಕೊಳ್ಳಬೇಕು. ಖಾನಾಪುರ ತಾಲ್ಲೂಕಿನ ಸುಮಾರು 190 ಚದರ ಕಿಲೋಮೀಟರ್ ಕಾಡು 2011ರಿಂದ ಭೀಮಗಡ ವನ್ಯಜೀವಿಧಾಮವಾಗಿದ್ದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೊರಗಿನವರು ಪರವಾನಗಿ ಇಲ್ಲದೆ ಅದರೊಳಗೆ ಕಾಲಿಡುವಂತಿಲ್ಲ. ಧಾಮದ ಹೊರಗಿನ ದಾರಿಯನ್ನೇ ಆರಿಸಿಕೊಳ್ಳುವುದು ಲೇಸು. ಅದು ಮೀಸಲು ಅರಣ್ಯದಲ್ಲಿದ್ದರೆ ಅರಣ್ಯ ಇಲಾಖೆಯಿಂದ ಲಿಖಿತ ಒಪ್ಪಿಗೆ ಪಡೆಯಬೇಕು. ‘ಹೋಗ್ರಿ, ಯಾರೂ ಕೇಳಂಗಿಲ್ಲ’ ಎಂದು ಚಹಾದಂಗಡಿಯಲ್ಲಿ ಸಿಗುವ ಭರವಸೆ ನಾಕಾದಲ್ಲಿ ನಡೆಯುವುದಿಲ್ಲ.

ನವೆಂಬರಿನಿಂದ ಫೆಬ್ರುವರಿವರೆಗಿನ ಕಾಲ ಸೂಕ್ತ. ಮಳೆಗಾಲದ ಮಾತೇ ಬೇಡ. ಬೇಸಿಗೆಯಲ್ಲಿ ಒಣಹುಲ್ಲಿನ ಮೇಲೆ ನಿಲ್ಲಿಸಿದ ವಾಹನದ ಕಾದ ಸೈಲೆನ್ಸರ್ ಕೊಳವೆಯೇ ಕಾಡಿಗೆ ಕಿಚ್ಚು ಹಚ್ಚಬಲ್ಲದು.

ದಾರಿಯನ್ನು ಓದಲು ಕಲಿಯುವುದೇ ಇಲ್ಲಿ ಮುಖ್ಯವಾದ ಕೆಲಸ. ಹೇರು ತುಂಬಿದ ಚಕ್ಕಡಿಯನ್ನು ಎತ್ತುಗಳು ಎಳೆಯಬೇಕಾಗಿದ್ದರಿಂದ ಹಳೆಯ ದಾರಿಗಳು ಗುಡ್ಡವನ್ನು ನೇರವಾಗಿ ಹತ್ತದೆ, ಅದರ ಮಗ್ಗುಲನ್ನು ಬಳಸಿಕೊಂಡು ಮೆಲ್ಲನೆ ಏರುತ್ತವೆ. ಆದ್ದರಿಂದ ಎದುರಿಗೆ ಥಟ್ಟನೆ ಕಡಿದಾದ ಏರು ಬಂದರೆ, ಮೂಲ ದಾರಿ ತಪ್ಪಿ ದನಗಳ ಜಾಡಿಗೋ ನೀರು ಕೊರೆದ ಕೊರಕಲಿಗೋ ಇಳಿದಿದ್ದೇವೆಯೇ ಎಂದು ಇಳಿದು ನೋಡಬೇಕು. ಕಣಿವೆಯ ಬದಿಯಲ್ಲಿ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆಯಿದ್ದರೆ ದಾರಿ ಸರಿಯಿದೆ ಎಂದರ್ಥ, ಆದರೆ ನಂಬಲಾಗದ್ದೂ ಆ ಗೋಡೆಯೇ: ಹಲವು ಮಳೆಗಾಲಗಳ ನೀರು ಕಲ್ಲಿನ ಸಂದಿಯ ಮಣ್ಣನ್ನು ಒಯ್ದು ಒಳಗೆ ಪೊಳ್ಳುಮಾಡಿರುತ್ತದೆ, ಮೇಲೆ ಮಾತ್ರ ಹುಲ್ಲು ಹಸಿರಾಗಿ ಹಾಸಿರುತ್ತದೆ. ಹಾರೆಯಿಂದ ಕುಟ್ಟಿದಾಗ ಡಬಡಬ ಸದ್ದು ಬಂದರೆ ಚಕ್ರಗಳನ್ನು ಗುಡ್ಡದ ಕಡೆಗೆ ಒತ್ತಿಸಿಯೇ ಸಾಗಬೇಕು. ಅಷ್ಟು ಅಗಲವಿಲ್ಲದಿದ್ದರೆ ಹಿಂದಕ್ಕೆ ಹೊರಳಬೇಕು. ಹಳೆಯ ಮೋರಿಗಳನ್ನೂ ಮೇಲಿನಿಂದ ನೋಡಿದರೆ ಸಾಲದು, ಕೆಳಗಿಳಿದು ಹಾಸುಗಲ್ಲು ಬಿರುಕು ಬಿಟ್ಟಿದೆಯೇ ಎಂದು ಪರೀಕ್ಷಿಸಬೇಕು.

ಟೈರಿನ ಗಾಳಿಯನ್ನು 22ರಿಂದ 24 ಪಿಎಸ್‌ಐವರೆಗೆ ಇಳಿಸಿದರೆ ಜಂಬಿಟ್ಟಿಗೆ ಕಲ್ಲಿನ ಮೇಲೆ ಹಿಡಿತ ಸಿಗುತ್ತದೆ. ಇನ್ನೂ ಇಳಿಸಿದರೆ ಚೂಪುಕಲ್ಲಿಗೆ ಟೈರಿನ ಪಕ್ಕೆ ಸೀಳುವ ಭಯವಿದೆ. ಲಾರಿ ಚಕ್ರಗಳು ಕೊರೆದ ಆಳದ ಗಾಲಿಜಾಡುಗಳಲ್ಲಿ ಇಳಿಯದೆ, ಒಂದು ಚಕ್ರವನ್ನು ನಡುವಿನ ದಿಬ್ಬದ ಮೇಲೆ ಇಟ್ಟುಕೊಂಡರೆ ಅಚ್ಚಿನ ನಡುವೆ ಕೆಳಗೆ ಜೋತಿರುವ ಡಿಫರೆನ್ಷಿಯಲ್ ಗೇರುಪೆಟ್ಟಿಗೆ ಕಲ್ಲಿಗೆ ಬಡಿಯುವುದಿಲ್ಲ. ಇಳಿಜಾರಿನಲ್ಲಿ ನಾಲ್ಕೂ ಚಕ್ರಗಳಿಗೆ ನಿಧಾನವಾದ ಆದರೆ ಹೆಚ್ಚು ಬಲದ ಎಳೆತ ಕೊಡುವ ‘ಫೋರ್-ಲೋ’ ಹಾಕಿ, ಮೊದಲ ಗೇರಿನಲ್ಲಿಟ್ಟು ಕ್ಲಚ್ ಮುಟ್ಟದೆ ಇಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ಹಳ್ಳ ಬಂದರೆ ಒಬ್ಬರು ಕೋಲು ಹಿಡಿದು ಮೊದಲು ನಡೆದು ದಾಟಬೇಕು, ನೀರು ಚಕ್ರದ ನಡುಮಟ್ಟ ಮೀರಿದ್ದರೆ ದಾಟುವ ಆಲೋಚನೆ ಬಿಡಬೇಕು.

ಎರಡು ವಾಹನಗಳಿಲ್ಲದೆ ಹೊರಡಬಾರದು. ಎಳೆಯುವ ಪಟ್ಟಿ, ಸಲಿಕೆ, ಗಾಳಿ ತುಂಬುವ ಪಂಪು, ಕುಡಿಯುವ ನೀರು ಇರಲೇಬೇಕು. ಅಡ್ಡಬಿದ್ದ ಮರ ಕಡಿಯಲೆಂದು ಕೊಡಲಿ ಒಯ್ಯುವುದು ಮಾತ್ರ ಬೇಡ, ಕಾಡಿನೊಳಗೆ ಅದು ಸಿಕ್ಕರೆ ಉತ್ತರ ಹೇಳುವುದು ಕಷ್ಟ. ಕಾಡುಕೋಣ ದಾರಿಯಲ್ಲಿ ನಿಂತಿದ್ದರೆ ಹಾರ್ನ್ ಹಾಕದೆ, ದೂರದಲ್ಲೇ ನಿಂತು, ಅದು ಸರಿಯುವವರೆಗೆ ಕಾಯಬೇಕು. ಸಂಜೆ ಐದರೊಳಗೆ ಡಾಂಬರು ರಸ್ತೆ ಸೇರಿ, ಹೊರಬಂದ ಸುದ್ದಿಯನ್ನು ಒಪ್ಪಿಗೆ ಕೊಟ್ಟ ಕಚೇರಿಗೆ ತಿಳಿಸಬೇಕು; ಇಲ್ಲವಾದರೆ ರಾತ್ರಿ ಗಾರ್ಡುಗಳು ನಮ್ಮನ್ನು ಹುಡುಕಿಕೊಂಡು ಕಾಡಿಗೆ ಇಳಿಯಬೇಕಾಗುತ್ತದೆ.